ಓದುಗರ ಪ್ರಶ್ನೆ: ಮೆಣಸಿನ ಬಳ್ಳಿಗೂ ಮಣ್ಣಿನ ಹುಳದಿಂದಲೇ ವೈರಸ್ ಬರುತ್ತಾ?

ಪ್ರಶ್ನೆ: ತೀರ್ಥಹಳ್ಳಿ ಹತ್ರ ನಮ್ದು ಅಡಿಕೆ ತೋಟ, ಮರಕ್ಕೆ ಕಾಳುಮೆಣಸು ಹಬ್ಬಿಸಿದೀವಿ. ಈಚೆಗೆ ಕೆಲವು ಬಳ್ಳಿ ಎಲೆ ಸಣ್ಣ ಆಗಿ ಮುದುಡಿ ಹಳದಿ ಮಚ್ಚೆ ಬೀಳ್ತಿದೆ, ಗೆಣ್ಣು ಹತ್ತಿರ ಹತ್ತಿರ ಬರ್ತಿದೆ. ದ್ರಾಕ್ಷಿ ತೋಟದಲ್ಲಿ ಮಣ್ಣಿನ ಜಂತುಹುಳು ವೈರಸ್ ಹರಡ್ತವಂತೆ, ನಮ್ಮಲ್ಲೂ ಹಂಗೇನಾ? ಬುಡಕ್ಕೆ ಹುಳದ ಔಷಧಿ ಹಾಕ್ಲಾ?

ಉತ್ತರ: ಈಗಲೇ ಹಾಕ್ಬೇಡಿ, ದಯವಿಟ್ಟು. ನೀವು ಕೇಳಿದ ದ್ರಾಕ್ಷಿ ವಿಷಯ ನಿಜಾನೇ. ಜಂತುಹುಳು ಗಿಡದ ವೈರಸ್ ಸಾಗಿಸುತ್ತೆ ಅಂತ ಮೊದಲು ಗೊತ್ತಾಗಿದ್ದೇ ದ್ರಾಕ್ಷಿಯಿಂದ, 1958ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಹುಳದ ಹೆಸರು ಕ್ಸಿಫಿನೆಮಾ ಇಂಡೆಕ್ಸ್, ಉದ್ದ ಸುಮಾರು 3 ಮಿಲಿಮೀಟರ್, ಬೇರಿನ ಒಳಗೆ ಹೋಗಲ್ಲ, ಹೊರಗೇ ನಿಂತು ಬಾಯಲ್ಲಿರೋ ಉದ್ದ ಸೂಜಿನ ಎಳೇ ಬೇರಿನ ತುದಿಗೆ ಚುಚ್ಚಿ ರಸ ಹೀರುತ್ತೆ, ಹೀರುವಾಗ ಫ್ಯಾನ್‌ಲೀಫ್ ಅನ್ನೋ ದ್ರಾಕ್ಷಿ ವೈರಸ್ ಅದರ ಅನ್ನನಾಳದ ಒಳಗೋಡೆಗೆ ಅಂಟಿಕೊಂಡು ಮುಂದಿನ ಬಳ್ಳಿಗೆ ಹೋಗುತ್ತೆ. ವೈರಸ್ ಹುಳದೊಳಗೆ ಹೆಚ್ಚಾಗಲ್ಲ, ಮೊಟ್ಟೆಗೂ ದಾಟಲ್ಲ, ಮರಿ ಪೊರೆ ಬಿಟ್ಟರೆ ಅದರ ಜೊತೆಗೇ ಹೋಗ್ಬಿಡುತ್ತೆ. ಹಂಗಾದ್ರೆ ಬೇಗ ಮುಗಿಬೇಕಲ್ವಾ? ಮುಗಿಯಲ್ಲ! ಬಳ್ಳಿ ಕಿತ್ತಮೇಲೂ ಆಳದಲ್ಲಿ ಉಳಿದ ಬೇರಿನ ತುಂಡು ವರ್ಷಗಟ್ಟಲೆ ಜೀವ ಹಿಡ್ಕೊಂಡಿರುತ್ತೆ, ಅದರಲ್ಲಿ ವೈರಸ್ಸೂ ಇರುತ್ತೆ ಹುಳಕ್ಕೆ ಊಟಾನೂ ಇರುತ್ತೆ. ಊಟ ಇಲ್ಲದ ಮಣ್ಣಲ್ಲಿಟ್ಟ ಹುಳದಲ್ಲೂ 4 ವರ್ಷ ಆದ್ಮೇಲೆ ವೈರಸ್ ಸಿಕ್ಕಿದೆ. ಔಷಧಿ ಅಷ್ಟು ಆಳಕ್ಕೆ ಸರಿಯಾಗಿ ಇಳಿಯಲ್ಲ. ಅದಕ್ಕೇ ಫ್ರಾನ್ಸ್ ಕಡೆ ಜಾಗನ ವರ್ಷಗಟ್ಟಲೆ ಪಾಳು ಬಿಡೋ ಪರಿಸ್ಥಿತಿ. ಹುಳ ತಾನಾಗಿ ದೂರ ಹರಿಯಲ್ಲ, ಮಣ್ಣು ಮೆತ್ತಿದ ಟ್ರ್ಯಾಕ್ಟರ್ ಚಕ್ರ, ಬೇರು ಸಮೇತ ತಂದ ಸಸಿ, ಇವೇ ಅದನ್ನ ಊರು ದಾಟಿಸೋದು.

ಆದ್ರೆ ಎಲ್ಲಾ ಜಂತುಹುಳು ಹಿಂಗೆ ಮಾಡಲ್ಲ, ವೈರಸ್ ಹೊರೋದು ಉದ್ದ ಸೂಜಿಯ ಕೆಲವೇ ಜಾತಿ, ಅದೂ ಇಂಥ ಹುಳಕ್ಕೆ ಇಂಥದೇ ವೈರಸ್ ಅಂತ ಜೋಡಿ ಇರುತ್ತೆ. ನಮ್ಮ ಮಲೆನಾಡಿನ ಮೆಣಸಿಗೆ ಕಾಟ ಕೊಡೋದು ಬೇರುಗಂಟಿನ ಹುಳ ಮತ್ತೆ ಬೇರು ಕೊರೆಯೋ ಹುಳ. ಇವು ಬೇರಿನ ಒಳಗೇ ಸೇರಿ ನಿಧಾನ ಸೊರಗು ರೋಗ ತರ್ತವೆ, ಎಲೆ ಹಳದಿಯಾಗಿ ಉದುರುತ್ತೆ, ಬೇಸಿಗೆಯಲ್ಲಿ ಜಾಸ್ತಿ, ವೈರಸ್ ಮಾತ್ರ ಹರಡಲ್ಲ. ನೀವು ಬರೆದಿರೋ ಸಣ್ಣೆಲೆ, ಮುದುಡು, ಮಚ್ಚೆ ನೋಡಿದ್ರೆ ವೈರಸ್ಸಿನ ಅನುಮಾನವೇ ಜಾಸ್ತಿ. ಅದನ್ನ ಹರಡೋದು ಹಿಟ್ಟುತಿಗಣೆ, ಗಿಡಹೇನು, ಎಲ್ಲಕ್ಕಿಂತ ಹೆಚ್ಚಾಗಿ ರೋಗ ಇರೋ ಬಳ್ಳಿಯಿಂದ ನಾವೇ ಕತ್ತರಿಸಿ ನೆಡೋ ತುಂಡು. ಬುಡಕ್ಕೆ ಜಂತುಹುಳದ ವಿಷ ಸುರಿದ್ರೆ ದುಡ್ಡೂ ಹೋಯ್ತು, ಎರೆಹುಳಕ್ಕೂ ಕಷ್ಟ.

ಒಂದು ಬಳ್ಳಿ ಬುಡ ಬಿಡಿಸಿ ಎಳೇ ಬೇರು ನೋಡಿ. ಗಂಟು ಅಥವಾ ಕಂದು ಗಾಯ ಇದ್ರೆ ಮಣ್ಣಿನ ಜೊತೆ ಬೇರನ್ನೂ ಪರೀಕ್ಷೆಗೆ ಕೊಡಿ, ಕೊರೆಯೋ ಹುಳ ಬೇರೊಳಗೇ ಇರೋದ್ರಿಂದ ಬರೀ ಮಣ್ಣಲ್ಲಿ ತಪ್ಪಿಹೋಗುತ್ತೆ. ವೈರಸ್, ಸೊರಗು ರೋಗ ಎರಡೂ ಒಟ್ಟಿಗೇ ಇರೋದೂ ಉಂಟು. ಬೇರಲ್ಲಿ ಬಿಳಿ ಹಿಟ್ಟಿನ ತರ ಕಂಡು ಇರುವೆ ಓಡಾಡ್ತಿದ್ರೆ ಅದು ಹಿಟ್ಟುತಿಗಣೆ. ಮಚ್ಚೆ ಬಿದ್ದ ಬಳ್ಳಿಗೆ ಮದ್ದಿಲ್ಲ, ಬೇರು ಸಮೇತ ಕಿತ್ತು ಸುಟ್ಟುಬಿಡಿ, ಮತ್ತೆ ಈ ಸಲ ಸಸಿ ಮಾಡೋಕೆ ತುಂಡು ತೆಗೆಯೋ ತಾಯಿಬಳ್ಳಿನ ಮಳೆಗಾಲ ಪೂರ್ತಿ ಗಮನಿಸಿ, ಒಂದು ಎಲೆ ಅನುಮಾನ ಬಂದ್ರೂ ಅದನ್ನ ಬಿಟ್ಟುಬಿಡಿ.