ಓದುಗರ ಪ್ರಶ್ನೆ: ಇಂಡಿ ಕಾರುಗಳ ವೈಭವ ಕುಂದಿದ್ದೇಕೆ?

ಪ್ರಶ್ನೆ: ಅಮೆರಿಕದಲ್ಲಿ ತೆರೆದ ಚಕ್ರಗಳ (ಚಕ್ರಗಳು ಕಾರಿನ ಹೊದಿಕೆಯ ಹೊರಗಿರುವ) ಇಂಡಿ ಕಾರು ಪಂದ್ಯಗಳಿಗಿದ್ದ ಮನ್ನಣೆ, ಸಾಮಾನ್ಯ ಕಾರುಗಳಂತೆ ಕಾಣುವ ಸ್ಟಾಕ್ ಕಾರುಗಳ ನಾಸ್ಕಾರ್ ಪಂದ್ಯಗಳ ಪಾಲಾಯಿತೆಂದು ಹಳೆಯ ಅಭಿಮಾನಿಗಳು ಮರುಗುತ್ತಾರೆ. ಕಾರಣವೇನು?

ಉತ್ತರ: ಅವರ ಕೊರಗು ನ್ಯಾಯವಾದದ್ದು. ಒಳಜಗಳವೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ. ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕಿನ ಮುಖ್ಯಸ್ಥರಾಗಿದ್ದ ಟೋನಿ ಜಾರ್ಜ್ 1996ರಲ್ಲಿ ಪ್ರತ್ಯೇಕ ಲೀಗ್ ಆರಂಭಿಸಿ, ಅಲ್ಲಿ ನಡೆಯುವ ಪ್ರಸಿದ್ಧ ಇಂಡಿ 500 ಪಂದ್ಯದ 33 ಸ್ಥಾನಗಳಲ್ಲಿ 25ನ್ನು ಆ ಲೀಗಿನವರಿಗೇ ಕಾಯ್ದಿರಿಸಿದಾಗ, ಅದುವರೆಗೆ ಇಂಡಿ ಕಾರು ಸರಣಿ ನಡೆಸುತ್ತಿದ್ದ ಕಾರ್ಟ್ ಸಂಸ್ಥೆಯ ತಂಡಗಳು ಅದೇ ದಿನ ಮಿಷಿಗನ್‌ನಲ್ಲಿ ಬೇರೆಯೇ ಪಂದ್ಯ ನಡೆಸಿದವು. 2008ರಲ್ಲಿ ಎರಡೂ ಬಣಗಳು ಒಂದಾಗುವಷ್ಟರಲ್ಲಿ ಪ್ರೇಕ್ಷಕರೂ ಪ್ರಾಯೋಜಕರೂ ಚದುರಿಹೋಗಿದ್ದರು. ಇನ್ನೂ ನೋವಿನ ಸಂಗತಿಯೆಂದರೆ, ತೆರೆದ ಚಕ್ರದ ಸಣ್ಣ ಕಾರುಗಳಲ್ಲೇ ಪಳಗಿದ ಜೆಫ್ ಗಾರ್ಡನ್ ಅವರಂಥ ಪ್ರತಿಭಾವಂತರು ಈ ಒಡಕಿಗೆ ಮೊದಲೇ ನಾಸ್ಕಾರ್ ಸೇರಿ, 1994ರಲ್ಲಿ ಅದೇ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಮೊದಲ ನಾಸ್ಕಾರ್ ಪಂದ್ಯವನ್ನು ಗೆದ್ದಿದ್ದರು.