ಸರ್ಕಾರಿ ಶಾಲೆಯಲ್ಲಿ ಧರ್ಮಗ್ರಂಥ: ಯಾವುದು ಪಾಠ, ಯಾವುದು ಧರ್ಮಬೋಧನೆ?

ಪ್ರಶ್ನೆ: ಬೇಲೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ನಾನು. ನಮ್ಮೂರಿನ ದಾನಿಗಳು ಎಲ್ಲ ಮಕ್ಕಳಿಗೂ ಭಗವದ್ಗೀತೆ ಪುಸ್ತಕ ಹಂಚಿ, ಪ್ರತಿ ಶನಿವಾರ ಒಂದು ಪೀರಿಯಡ್ ಶ್ಲೋಕ ಹೇಳಿಕೊಡಿಸುತ್ತೇವೆ, ಖರ್ಚೆಲ್ಲ ನಮ್ಮದು ಎನ್ನುತ್ತಿದ್ದಾರೆ. ಮುಖ್ಯ ಶಿಕ್ಷಕರು ಹಿಂದೆಮುಂದೆ ನೋಡುತ್ತಿದ್ದಾರೆ. ಒಳ್ಳೆಯದನ್ನು ಕಲಿಸಲು ಅಡ್ಡಿ ಏನು?

ಉತ್ತರ: ಮುಖ್ಯ ಶಿಕ್ಷಕರ ಹಿಂಜರಿಕೆ ಸರಿಯಾಗಿಯೇ ಇದೆ. ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28(1)ನೇ ವಿಧಿ ಹೇಳುತ್ತದೆ. ಸರ್ಕಾರ ಆಡಳಿತ ನಡೆಸುತ್ತಿದ್ದರೂ, ಧಾರ್ಮಿಕ ಬೋಧನೆಯ ಷರತ್ತಿನೊಂದಿಗೆ ದತ್ತಿ ಅಥವಾ ಟ್ರಸ್ಟ್ ಸ್ಥಾಪಿಸಿದ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ. ನಿಮ್ಮದು ಅಂಥ ಶಾಲೆಯಲ್ಲ. ಪೋಷಕರ ಒಪ್ಪಿಗೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಊರಿನವರೆಲ್ಲ ಸಹಿ ಹಾಕಿ ಕೊಟ್ಟರೂ ನಿಷೇಧ ನಿಷೇಧವೇ. ದಾನಿಗಳು ಪುಸ್ತಕದ ದುಡ್ಡು ಕೊಟ್ಟರೂ ಕಟ್ಟಡ, ಸಂಬಳ, ತರಗತಿಯ ವೇಳೆ ಎಲ್ಲವೂ ಸರ್ಕಾರದ್ದೇ.

ಈ ವಿಧಿಯ ಹಿಂದೆ ಧರ್ಮದ ಮೇಲಿನ ಅಸಡ್ಡೆ ಇಲ್ಲ. 1948ರ ಡಿಸೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಕೊಟ್ಟ ಕಾರಣಗಳು ಇವತ್ತಿಗೂ ಹಳತಾಗಿಲ್ಲ. ಎಲ್ಲರ ತೆರಿಗೆಯ ಹಣ ಒಂದು ಧರ್ಮದ ಪ್ರಯೋಜನಕ್ಕೆ ಹೋಗಬಾರದು. ಹಲವು ಧರ್ಮದ ಮಕ್ಕಳಿರುವ ಶಾಲೆಯಲ್ಲಿ ಪ್ರತಿಯೊಂದು ಧರ್ಮವನ್ನೂ ಬೋಧಿಸಲು ಏರ್ಪಾಡು ಮಾಡುವುದು ಆಗದ ಮಾತು. ತನ್ನದೇ ಸತ್ಯ ಎಂದು ಒಂದೊಂದು ಧರ್ಮವೂ ಹೇಳತೊಡಗಿದರೆ ಶಾಲೆಯೊಳಗಿನ ನೆಮ್ಮದಿ ಕೆಡುತ್ತದೆ. ಅದೇ ಚರ್ಚೆಯಲ್ಲಿ ಅವರು ಧಾರ್ಮಿಕ ಬೋಧನೆ ಬೇರೆ, ಅಧ್ಯಯನ ಬೇರೆ ಎಂದೂ ಸ್ಪಷ್ಟಪಡಿಸಿದ್ದರು. ಸುಪ್ರೀಂ ಕೋರ್ಟ್ 1971ರ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ಗುರುನಾನಕರ ಜೀವನ ಮತ್ತು ಉಪದೇಶಗಳ ಅಧ್ಯಯನದ ಬಗ್ಗೆ, 2002ರ ಅರುಣಾ ರಾಯ್ ಪ್ರಕರಣದಲ್ಲಿ ಎಲ್ಲ ಧರ್ಮಗಳ ಮೂಲ ವಿಚಾರಗಳನ್ನು ಪಠ್ಯಕ್ರಮದಲ್ಲಿ ತಿಳಿಸುವ ಬಗ್ಗೆ ಇದೇ ದಾರಿ ಹಿಡಿಯಿತು. ಹೀಗಾಗಿ ಗೀತೆ, ಕುರಾನ್, ಬೈಬಲ್‌ಗಳ ಹೆಸರೇ ಎತ್ತಬಾರದು ಎಂದುಕೊಳ್ಳುವುದೂ ತಪ್ಪು.

ನಿಮ್ಮ ಶಾಲೆಯಲ್ಲಿ ನೋಡಬೇಕಾದದ್ದು ಇಷ್ಟು: ಮಗುವಿನಿಂದ ಏನನ್ನು ನಿರೀಕ್ಷಿಸಲಾಗುತ್ತಿದೆ? ಯಾರು, ಯಾವಾಗ, ಯಾರಿಗೆ, ಏನು ಹೇಳಿದರು ಎಂದು ತಿಳಿಯಬೇಕೆಂದರೆ ಅದು ಪಾಠ. ಕೈಮುಗಿ, ಕಂಠಪಾಠ ಮಾಡು, ನಂಬು ಎಂದರೆ ಬೋಧನೆ. ಒಂದೇ ಗ್ರಂಥ, ಬಾಯಿಪಾಠ, ಹೊರಗಿನಿಂದ ಬಂದ ಬೋಧಕ, ಪ್ರಶ್ನೆ ಕೇಳಲು ಅವಕಾಶವಿಲ್ಲ. ನಿಮ್ಮ ಶನಿವಾರದ ತರಗತಿಯ ಸ್ವರೂಪ ಇದು. ವೇಳೆಯ ಲೆಕ್ಕವನ್ನೂ ಹಾಕಿ. 40 ನಿಮಿಷದ ಪೀರಿಯಡ್, ವರ್ಷಕ್ಕೆ 35 ಶನಿವಾರ ಎಂದರೆ 23 ಗಂಟೆ ದಾಟುತ್ತದೆ. 6ರಿಂದ 8ನೇ ತರಗತಿಗೆ ಶಿಕ್ಷಣ ಹಕ್ಕು ಕಾಯ್ದೆ ನಿಗದಿ ಮಾಡಿರುವುದು 220 ದಿನ, ಕನಿಷ್ಠ 1,000 ಗಂಟೆ. ಆ 23 ಗಂಟೆಯನ್ನು ಗಣಿತದಿಂದ ಕೀಳುತ್ತೀರೋ ಕನ್ನಡದಿಂದಲೋ? ಈ ತೀರ್ಮಾನ ಎಸ್‌ಡಿಎಂಸಿಯ ಕೈಯಲ್ಲೂ ಇಲ್ಲ. ಶಾಲೆಯ ಉಸ್ತುವಾರಿ, ಅಭಿವೃದ್ಧಿ ಯೋಜನೆ, ಅನುದಾನದ ಬಳಕೆ ನಿಮ್ಮ ಕೆಲಸ. ಪಠ್ಯಕ್ರಮ ರಾಜ್ಯದ ಶೈಕ್ಷಣಿಕ ಪ್ರಾಧಿಕಾರದ್ದು.

ದಾನಿಗಳ ಮನಸ್ಸು ನೋಯಿಸಬೇಕಿಲ್ಲ. ಮಗುವಿಗೊಂದು ಪ್ರತಿ ಬೇಡ, ಗ್ರಂಥಾಲಯಕ್ಕೆ ಎರಡೆರಡು ಪ್ರತಿ ಸಾಕು ಎನ್ನಿ: ಕನ್ನಡ ತಾತ್ಪರ್ಯವಿರುವ ಗೀತೆ, ಕುರಾನ್ ಮತ್ತು ಬೈಬಲ್‌ನ ಕನ್ನಡ ಅನುವಾದ, ಧಮ್ಮಪದ, ಒಂದು ವಚನ ಸಂಕಲನ, ಒಂದು ದಾಸರ ಪದಗಳ ಸಂಕಲನ. ಪ್ರತಿಯೊಂದನ್ನೂ ದಾಸ್ತಾನು ವಹಿಯಲ್ಲಿ ಹೆಸರು, ಪ್ರಕಾಶಕರು, ಬೆಲೆ ಸಮೇತ ದಾಖಲಿಸಿ ರಸೀದಿ ಕೊಡಿ. ಸಭೆಯ ನಡಾವಳಿಯಲ್ಲಿ 'ಗ್ರಂಥಾಲಯಕ್ಕೆ ದೇಣಿಗೆ ಸ್ವೀಕರಿಸಲಾಗಿದೆ' ಎಂದಷ್ಟೇ ಇರಲಿ. 'ತರಗತಿ ನಡೆಸಲು ಒಪ್ಪಲಾಗಿದೆ' ಎಂಬ ಸಾಲು ಸೇರಿಕೊಂಡರೆ ನಾಳೆ ಉತ್ತರ ಕೊಡಬೇಕಾದವರು ಮುಖ್ಯ ಶಿಕ್ಷಕರು.

ಪ್ರಶ್ನೆ: ಚನ್ನರಾಯಪಟ್ಟಣ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಜೈನ, ಬೌದ್ಧ, ಕ್ರೈಸ್ತ, ಇಸ್ಲಾಂ, ಭಕ್ತಿ ಪಂಥ ಎಲ್ಲವೂ ಪಾಠದಲ್ಲಿ ಬಂದೇ ಬರುತ್ತವೆ. ಯಾರಾದರೂ ದೂರು ಕೊಡುತ್ತಾರೆಂಬ ಭಯಕ್ಕೆ ನೋಟ್ಸ್ ಬರೆಸಿ ಮುಗಿಸುತ್ತಿದ್ದೇನೆ. ಹೇಗೆ ಕಲಿಸಲಿ?

ಉತ್ತರ: ಭಯದಿಂದ ಪಾಠವನ್ನು ಒಣಗಿಸಬೇಡಿ. ನಿಮ್ಮ ತಾಲ್ಲೂಕಿನಲ್ಲಿರುವಂಥ ಸಾಮಗ್ರಿ ರಾಜ್ಯದ ಬಹಳ ಶಿಕ್ಷಕರಿಗೆ ಸಿಗದು. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಒಂದನೆಯ ಬುಕ್ಕರಾಯನ 1368ರ ಶಾಸನವಿದೆ. ಶ್ರೀವೈಷ್ಣವರಿಂದ ಅನ್ಯಾಯವಾಗಿದೆ ಎಂದು ಜೈನರು ದೂರು ಒಯ್ದರು. ಅರಸ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಉಳಿಯಿತು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಜನರನ್ನು ವೈಷ್ಣವರು ನೇಮಿಸಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಧರ್ಮಗಳ ನಡುವಿನ ವ್ಯಾಜ್ಯ, ಅದರ ಇತ್ಯರ್ಥ, ಆ ಇತ್ಯರ್ಥದ ಖರ್ಚು ಮೂರೂ ಒಂದೇ ಕಲ್ಲಿನಲ್ಲಿವೆ. ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಹುಡುಕುತ್ತೀರಿ?

40 ನಿಮಿಷವನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ 5 ನಿಮಿಷ ಕಾಲ ಮತ್ತು ಸ್ಥಳ: ವಿಜಯನಗರ, ಬೆಳಗೊಳ, ನಕ್ಷೆ. ಮುಂದಿನ 10 ನಿಮಿಷ ಶಾಸನದ ಎಂಟು-ಹತ್ತು ಸಾಲನ್ನು ಹೊಸಗನ್ನಡದಲ್ಲಿ ಬೋರ್ಡಿನ ಮೇಲೆ ಬರೆದು ಓದುವುದು. ಆಮೇಲೆ 15 ನಿಮಿಷ ಪ್ರಶ್ನೆಗಳು: ದೂರು ಕೊಟ್ಟವರು ಯಾರು, ತೀರ್ಪಿನಿಂದ ಯಾರಿಗೆ ಏನು ಸಿಕ್ಕಿತು, ಹಣ ಕೊಟ್ಟವರು ಯಾರು, ಕಾವಲಿಗೆ ವೈಷ್ಣವರನ್ನೇ ಏಕೆ ಹೊಣೆ ಮಾಡಿದ? ಕೊನೆಯ 10 ನಿಮಿಷ ಮಕ್ಕಳೇ ಬರೆಯುವುದು. ಈ ಭಾಗವನ್ನು ಕತ್ತರಿಸಬೇಡಿ. ಬರೆಯುವಾಗಲೇ ಮಗು ಏನನ್ನು ತಪ್ಪಾಗಿ ಹಿಡಿದಿದೆ ಎಂದು ಗೊತ್ತಾಗುವುದು.

ಮುಂದಿನ ಪೀರಿಯಡ್‌ಗೆ ಬೇಲೂರಿನ ಶಾಸನದ ಶ್ಲೋಕ ತೆಗೆದುಕೊಳ್ಳಿ. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹಂತನೆಂದು ಯಾರನ್ನು ಉಪಾಸಿಸುತ್ತಾರೋ ಆ ಕೇಶವ ಕಾಪಾಡಲಿ ಎಂಬ ಆಶಯ ಅದರದು. ಎಲ್ಲರನ್ನೂ ಒಳಗೊಳ್ಳುವ ಮಾತು ಹೌದು. ಆದರೆ ಕೊನೆಗೆ ಎಲ್ಲರೂ ಕೇಶವನಲ್ಲಿಗೇ ಬಂದು ಸೇರುತ್ತಾರೆ. ಇದನ್ನು ಒಬ್ಬ ಜೈನ ಹೇಗೆ ಓದಿದ್ದಾನು ಎಂದು ಕೇಳಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಇದು ಖಂಡಿತ ನಿಲುಕುತ್ತದೆ.

ಪಾಠ ಕೆಡುವುದು ಹೆಚ್ಚಾಗಿ ಶಿಕ್ಷಕರ ಕ್ರಿಯಾಪದದಿಂದ. 'ಹೀಗೆ ನಡೆಯಿತು' ಎನ್ನುವ ಕಡೆ 'ಜೈನರು ಹೀಗೆ ನಂಬುತ್ತಾರೆ', 'ಮುಸ್ಲಿಮರ ನಂಬಿಕೆಯಂತೆ' ಎಂದು ಹೇಳಿ. ನಿಮ್ಮ ಸ್ವಂತ ಧರ್ಮದ ಪಾಠದಲ್ಲಿ ಇದನ್ನು ಎರಡು ಪಟ್ಟು ನೆನಪಿಟ್ಟುಕೊಳ್ಳಿ, ಜಾರುವುದು ಅಲ್ಲೇ. 'ನಮ್ಮವರು, ನಿಮ್ಮವರು' ಬೇಡ. ತರಗತಿಯ ಏಕೈಕ ಮುಸ್ಲಿಂ ಅಥವಾ ಕ್ರೈಸ್ತ ಮಗುವನ್ನು ಎಬ್ಬಿಸಿ 'ನಿಮ್ಮಲ್ಲಿ ಹೇಗೆ, ಹೇಳು' ಎನ್ನಬೇಡಿ. ಹನ್ನೆರಡು ವರ್ಷದ ಮಗು ಒಂದು ಧರ್ಮದ ವಕ್ತಾರನಲ್ಲ, ಆ ಮುಜುಗರ ಅದಕ್ಕೆ ವರ್ಷಗಟ್ಟಲೆ ಉಳಿಯುತ್ತದೆ. ಚಟುವಟಿಕೆಯ ಹೆಸರಿನಲ್ಲಿ ಪೂಜೆ, ನಮಾಜು, ಚರ್ಚಿನ ಬಲಿಪೂಜೆಗಳ ಅಣಕು ಮಾಡಿಸಬೇಡಿ. ಒಂದು ಧರ್ಮದ ಗ್ರಂಥವನ್ನು ಇನ್ನೊಂದರ ಆಚರಣೆಯ ಜೊತೆ ತೂಗಬೇಡಿ. ಗ್ರಂಥಕ್ಕೆ ಗ್ರಂಥ, ಆಚರಣೆಗೆ ಆಚರಣೆ. ಪರೀಕ್ಷೆಯಲ್ಲಿ '1368ರ ಶಾಸನದಂತೆ ಸಂಗ್ರಹವಾದ ಹಣ ಯಾವುದಕ್ಕೆ ಬಳಕೆಯಾಗಬೇಕಿತ್ತು?' ಎಂದು ಕೇಳಬಹುದು, 'ಜೈನ ಧರ್ಮ ಏಕೆ ಶ್ರೇಷ್ಠ?' ಎಂದು ಕೇಳಬಾರದು.

ಪ್ರವಾಸ ಹೋದರೆ ವಿಂಧ್ಯಗಿರಿಯನ್ನು ಬೆಳಗ್ಗೆಯೇ ಹತ್ತಿಸಿ. ಬರಿಗಾಲಲ್ಲಿ ಹೋಗಬೇಕು, ಮಧ್ಯಾಹ್ನದ ಬಂಡೆ ಸುಡುತ್ತದೆ. ಚಪ್ಪಲಿ ಬಿಡುವುದು ಆ ಜಾಗದ ನಿಯಮ, ಎಲ್ಲರೂ ಪಾಲಿಸಬೇಕು. ಮಂಗಳಾರತಿ, ತೀರ್ಥ, ಪ್ರಸಾದ ಮಗುವಿನ ಇಷ್ಟಕ್ಕೆ ಬಿಟ್ಟದ್ದು. ಇದನ್ನು ಬಸ್ಸಿನಲ್ಲೇ ಎಲ್ಲರಿಗೂ ಒಟ್ಟಿಗೆ ಹೇಳಿಬಿಡಿ.

ಪ್ರಶ್ನೆ: ಕಡೂರಿನ ಕಡೆಯವಳು. ಮಗಳು ಅನುದಾನಿತ ಶಾಲೆಯಲ್ಲಿ ಏಳನೇ ತರಗತಿ. ಬೆಳಗಿನ ಪ್ರಾರ್ಥನೆಯಲ್ಲಿ ಆಡಳಿತ ಮಂಡಳಿಯವರ ಧರ್ಮದ ಸ್ತೋತ್ರ ಹೇಳಲೇಬೇಕಂತೆ. ಹೇಳದಿದ್ದರೆ ಹೊರಗೆ ನಿಲ್ಲಿಸುತ್ತಾರೆ. ಏನು ಮಾಡಲಿ?

ಉತ್ತರ: ನಿಮಗೆ ಅನ್ವಯವಾಗುವುದು ಸಂವಿಧಾನದ 28(3)ನೇ ವಿಧಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆ ಯಾವುದೇ ಇರಲಿ, ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆ-ಪ್ರಾರ್ಥನೆಗಾಗಲಿ ಒತ್ತಾಯಿಸುವಂತಿಲ್ಲ. ಅಲ್ಪಸಂಖ್ಯಾತರ ಸಂಸ್ಥೆಗೂ ಇದೇ ನಿಯಮ. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ ಕೇರಳದ ಮೂವರು ಮಕ್ಕಳು ಧಾರ್ಮಿಕ ನಂಬಿಕೆಯ ಕಾರಣ ರಾಷ್ಟ್ರಗೀತೆಯನ್ನು ಹಾಡದೆ ಗೌರವದಿಂದ ಎದ್ದು ನಿಂತಿದ್ದರು. ಅವರನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹೀಗಿರುವಾಗ ಸ್ತೋತ್ರದ ವಿಷಯದಲ್ಲಿ ನಿಮ್ಮ ಮಗಳು ಸುಮ್ಮನೆ ನಿಂತದ್ದು ಅಪರಾಧವಾಗದು.

ಬಾಯಿಮಾತಿನ ಜಗಳಕ್ಕೆ ಹೋಗಬೇಡಿ, ಬರೆದು ಕೊಡಿ. ಮುಖ್ಯ ಶಿಕ್ಷಕರ ಹೆಸರಿಗೆ ನಾಲ್ಕು ಸಾಲು ಸಾಕು: ಮಗುವಿನ ಹೆಸರು ಮತ್ತು ತರಗತಿ, 28(3)ರ ಪ್ರಕಾರ ನನ್ನ ಒಪ್ಪಿಗೆ ಇಲ್ಲ, ಆ ವೇಳೆಯಲ್ಲಿ ತರಗತಿ ಅಥವಾ ಗ್ರಂಥಾಲಯದಲ್ಲಿ ಕೂರಲು ಬಿಡಿ, ಹಾಜರಾತಿ ಕಡಿತ ಮಾಡಬೇಡಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ನಿರಾಕರಿಸಿದರೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ದಾಖಲಾತಿ ಅರ್ಜಿಯಲ್ಲಿ 'ಎಲ್ಲ ಕಾರ್ಯಕ್ರಮಗಳಿಗೂ ಒಪ್ಪಿಗೆ' ಎಂಬ ಸಾಲಿಗೆ ಸಹಿ ಹಾಕಿದ್ದೀರಿ ಎಂದರೆ, ಆ ಒಪ್ಪಿಗೆಯನ್ನು ಹಿಂತೆಗೆದುಕೊಂಡಿದ್ದೇನೆ ಎಂಬ ಸಾಲನ್ನೂ ಸೇರಿಸಿ. ವಾರದಲ್ಲಿ ಉತ್ತರ ಬಾರದಿದ್ದರೆ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ), ಅಲ್ಲಿಂದ ಚಿಕ್ಕಮಗಳೂರಿನ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿಗೆ ಹೋಗಬೇಕು. ನಿಮ್ಮ ಶಾಲೆ ಕಡೂರು ವಲಯವೋ ಬೀರೂರು ವಲಯವೋ ಮೊದಲು ಖಚಿತ ಮಾಡಿಕೊಳ್ಳಿ, ತಪ್ಪು ಕಚೇರಿಗೆ ಹೋದ ಅರ್ಜಿ ಅಲ್ಲೇ ಕೂರುತ್ತದೆ. ಇಲಾಖೆ ಏನು ಕ್ರಮ ಕೈಗೊಂಡಿತು ಎಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಮಗುವನ್ನು ಹೊರಗೆ ನಿಲ್ಲಿಸುವುದು ಶಿಕ್ಷೆಯೇ. ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಅದನ್ನು ದೂರಿನಲ್ಲಿ ಪ್ರತ್ಯೇಕವಾಗಿ ಬರೆಯಿರಿ. ಈ ನಡುವೆ ಮಗಳಿಗೆ ಒಂದೇ ಮಾತು ಹೇಳಿಕೊಡಿ: ಎದ್ದು ನಿಲ್ಲು, ಗಲಾಟೆ ಮಾಡಬೇಡ, ಯಾರಾದರೂ ಗದರಿದರೆ ಮನೆಗೆ ಬಂದು ಹೇಳು. ವಾದ ಮಾಡುವ ಹೊರೆ ನಿಮ್ಮದಿರಲಿ.

ಪ್ರಶ್ನೆ: ಹಾಗಾದರೆ ಮಕ್ಕಳು ಧರ್ಮಗ್ರಂಥವನ್ನು ಶ್ರದ್ಧೆಯಿಂದ ಕಲಿಯುವುದೆಲ್ಲಿ? ಸಂಜೆ ಶಾಲೆಯ ಕಟ್ಟಡದಲ್ಲಿ ನಡೆಸಬಹುದೇ? (ಮೂಡಿಗೆರೆಯಿಂದ)

ಉತ್ತರ: ಮನೆ, ಮಠ, ಮದರಸ, ಚರ್ಚಿನ ಭಾನುವಾರದ ತರಗತಿಗಳಿಗೆ ಯಾವ ಅಡ್ಡಿಯೂ ಇಲ್ಲ. ವೇದ ಪಾಠಶಾಲೆ, ಮದರಸಗಳನ್ನು 2012ರ ತಿದ್ದುಪಡಿ ಶಿಕ್ಷಣ ಹಕ್ಕು ಕಾಯ್ದೆಯಿಂದಲೇ ಹೊರಗಿಟ್ಟಿದೆ. ಸರ್ಕಾರಿ ಶಾಲೆಯ ಕಟ್ಟಡ ಮಾತ್ರ ಬೇಡ. ಅದೇ ಕೊಠಡಿಯಲ್ಲಿ, ಅದೇ ಶಿಕ್ಷಕರ ಮುಂದೆ, ಸ್ನೇಹಿತರೆಲ್ಲ ಕೂತಿರುವಾಗ ಐಚ್ಛಿಕ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ. ಸಮುದಾಯ ಭವನ ಅಥವಾ ದೇವಸ್ಥಾನದ ಪ್ರಾಂಗಣದಲ್ಲಿ ನಡೆಸಿ, ಶಾಲೆಯ ಶಿಕ್ಷಕರಿಂದ ಹಾಜರಾತಿ ತೆಗೆಸಬೇಡಿ, ಕರಪತ್ರದಲ್ಲಿ ಶಾಲೆಯ ಹೆಸರು ಹಾಕಬೇಡಿ.