ಮೀನಿನ ಕೊಳದಲ್ಲಿ ನೀರುಬ್ರಾಹ್ಮಿ, ತಾವರೆ

ಕಾಟ್ಲಾ, ರೋಹು ಬಿಟ್ಟಿರುವ ಕೊಳದಲ್ಲೇ ನೀರುಬ್ರಾಹ್ಮಿ, ತಾವರೆ ಎರಡನ್ನೂ ಬೆಳೆಸಬಹುದೇ ಅಂತ ಕೇಳಿದ್ದೀರಿ. ಬ್ರಾಹ್ಮಿ ಧಾರಾಳವಾಗಿ ಬೆಳೆಸಿ. ತಾವರೆಯನ್ನು ಮಾತ್ರ ಒಂದು ಮೂಲೆಗೆ ಕಟ್ಟಿಹಾಕಿ.

ತಾವರೆ ಎಲೆ ನೀರೆಲ್ಲ ಮುಚ್ಚಿದರೆ ಬೆಳಕು ಒಳಗಿಳಿಯದೆ ಸಸ್ಯಪ್ಲವಕಗಳ (ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು) ಆಮ್ಲಜನಕ ಉತ್ಪಾದನೆ ಕುಸಿಯುತ್ತದೆ. ಈ ಮೀನುಗಳಿಗೆ ಲೀಟರಿಗೆ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇದ್ದರೆ ಒಳ್ಳೆಯದು. ನಸುಕಿನಲ್ಲಿ ಅದು ತೀರಾ ಕಡಿಮೆ. ಆ ಹೊತ್ತಿಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತಿದ್ದರೆ ತಕ್ಷಣ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಹಾಕಿ, ಆಮೇಲೆ ಎಲೆ ಕೀಳಿ.

ಬ್ರಾಹ್ಮಿ ಅಂಚಿನ ಕೆಸರಲ್ಲೇ ಹಬ್ಬುತ್ತದೆ. ಮೀನು ಹೊರಹಾಕುವ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಅದೇ ಇದಕ್ಕೆ ಗೊಬ್ಬರ. ಆದರೆ ಸಂಶೋಧಕರು ಈ ಗಿಡವನ್ನು ಬಹಳ ಕಾಲದಿಂದ ಇನ್ನೊಂದು ಕಾರಣಕ್ಕೂ ನೋಡುತ್ತಿದ್ದಾರೆ: ಕ್ಯಾಡ್ಮಿಯಂ, ಸೀಸ, ಕ್ರೋಮಿಯಂನಂಥ ಭಾರಲೋಹಗಳನ್ನು ಹೀರಿ ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಕೊಳಕ್ಕೆ ಲಾಭ, ಇದನ್ನು ಔಷಧಿಯಾಗಿ ತಿನ್ನುವವರಿಗೆ ಅಪಾಯ. ಕಾರ್ಖಾನೆ ಅಥವಾ ಚರಂಡಿ ನೀರು ಸೇರುವ ಕೊಳವಾದರೆ ಆ ಸೊಪ್ಪನ್ನು ಮಾರಲೇಬೇಡಿ. ಶುದ್ಧ ನೀರಾದರೂ ಮಾರುವ ಮುನ್ನ ಒಣಗಿಸಿದ ಸೊಪ್ಪಿನ ಭಾರಲೋಹ ಪರೀಕ್ಷೆ ಮಾಡಿಸಿ, ನೀರಿನದು ಮಾತ್ರ ಸಾಲದು.

ಹಾಂ, ಕೊಳಕ್ಕೆ ಹುಲ್ಲುಗೆಂಡೆ (ಗ್ರಾಸ್ ಕಾರ್ಪ್, ಗಿಡ ತಿನ್ನುವ ಮೀನು) ಬಿಡಬೇಡಿ, ಎಳೆ ಚಿಗುರು ಉಳಿಸುವುದಿಲ್ಲ.